ಅಕ್ಕಿಯ ಕಲ್ಲು ಮತ್ತು ಹಳೆಯ ಕಾರು

ಅಮೆರಿಕದ ಆಡುಮಾತಿನಲ್ಲಿ ‘ನಿಂಬೆಹಣ್ಣು’ ಎಂದರೆ ಹೊರಗೆ ಹೊಳೆಯುವ, ಒಳಗೆ ಕೆಟ್ಟಿರುವ ಕಾರು. ಈ ಹಣ್ಣನ್ನು ಅರ್ಥಶಾಸ್ತ್ರಕ್ಕೆ ತಂದವರು ಜಾರ್ಜ್ ಅಕೆರ್‌ಲಾಫ್. ‘ನಿಂಬೆಹಣ್ಣುಗಳ ಮಾರುಕಟ್ಟೆ’ ಎಂಬ ಅವರ ಹದಿಮೂರು ಪುಟಗಳ ಪ್ರಬಂಧ 1970ರಲ್ಲಿ ‘ಕ್ವಾರ್ಟರ್ಲಿ ಜರ್ನಲ್ ಆಫ್ ಎಕನಾಮಿಕ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಅದಕ್ಕೆ ಮೊದಲು ಮೂರು ಪತ್ರಿಕೆಗಳು ಅದನ್ನು ಹಿಂದಿರುಗಿಸಿದ್ದವು. ವಿಷಯ ತೀರ ಕ್ಷುಲ್ಲಕ ಎಂಬುದು ಅವುಗಳಲ್ಲಿ ಎರಡರ ಅಭಿಪ್ರಾಯವಾಗಿತ್ತು. 2001ರಲ್ಲಿ ಮೈಕೆಲ್ ಸ್ಪೆನ್ಸ್ ಮತ್ತು ಜೋಸೆಫ್ ಸ್ಟಿಗ್ಲಿಟ್ಸ್ ಅವರೊಡನೆ ಅಕೆರ್‌ಲಾಫ್ ನೊಬೆಲ್ ಪ್ರಶಸ್ತಿ ಹಂಚಿಕೊಂಡಾಗ, ಆ ಗೌರವಕ್ಕೆ ಮುಖ್ಯ ಆಧಾರವಾಗಿದ್ದುದು ಇದೇ ‘ಕ್ಷುಲ್ಲಕ’ ಬರಹ.

ನೀವು ಅಧ್ಯಾಪಕರಾಗಿದ್ದು, ಮೂರು ಲಕ್ಷ ರೂಪಾಯಿಯೊಳಗೆ ಒಂದು ಹಳೆಯ ಕಾರನ್ನು ಕೊಳ್ಳಬೇಕೆಂದಿದ್ದರೆ ಈ ಪ್ರಬಂಧವನ್ನು ಓದಬಹುದು. ಗಣಿತ ಪಿಯುಸಿ ಮಟ್ಟವನ್ನು ಮೀರುವುದಿಲ್ಲ. ಆದರೆ ಅದನ್ನೇ ನಂಬಿ ಪೇಟೆಗೆ ಹೋದರೆ ನೀವು ಬರಿಗೈಯಲ್ಲಿ ವಾಪಸಾಗುತ್ತೀರಿ. ಏಕೆಂದರೆ ಪ್ರಬಂಧದ ತೀರ್ಮಾನದ ಪ್ರಕಾರ ಅಲ್ಲಿ ವ್ಯಾಪಾರವೇ ನಡೆಯಬಾರದು.

ವಾದವನ್ನು ಸಣ್ಣ ಲೆಕ್ಕದಲ್ಲಿ ನೋಡೋಣ. ಅಂಕಿಗಳು ಉದಾಹರಣೆಗಾಗಿ ಇಟ್ಟುಕೊಂಡವು. ಒಂದೇ ಮಾದರಿಯ, ಒಂದೇ ವಯಸ್ಸಿನ ನೂರು ಕಾರುಗಳಿವೆ ಎನ್ನಿ. 50 ಒಳ್ಳೆಯವು, ಪ್ರತಿಯೊಂದಕ್ಕೆ 3 ಲಕ್ಷದ ಯೋಗ್ಯತೆ. 50 ಕೆಟ್ಟವು, 1.5 ಲಕ್ಷದವು. ಮಾರುವವನಿಗೆ ತನ್ನದು ಯಾವುದೆಂದು ಗೊತ್ತು, ನಿಮಗೆ ಗೊತ್ತಿಲ್ಲ. ಆದ್ದರಿಂದ ನೀವು ಸರಾಸರಿಯಾದ 2.25 ಲಕ್ಷಕ್ಕಿಂತ ಹೆಚ್ಚು ಕೊಡಲಾರಿರಿ. ಒಳ್ಳೆಯ ಕಾರಿನ ಒಡೆಯ 2.6 ಲಕ್ಷಕ್ಕಿಂತ ಕಡಿಮೆಗೆ ಕೊಡಲು ಒಪ್ಪದಿದ್ದರೆ ಅವನು ಕಾರನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತಾನೆ. ಪೇಟೆಯಲ್ಲಿ ಉಳಿಯುವುದು ಕೆಟ್ಟವು ಮಾತ್ರ, ಬೆಲೆ 1.5 ಲಕ್ಷಕ್ಕೆ ಕುಸಿಯುತ್ತದೆ. ಅಕೆರ್‌ಲಾಫ್ ತಮ್ಮ ಪ್ರಬಂಧದಲ್ಲಿ ಗುಣಮಟ್ಟ 0ಯಿಂದ 2ರವರೆಗೆ ಸಮನಾಗಿ ಹರಡಿದೆ ಎಂದು ಭಾವಿಸಿ ಇನ್ನೂ ಕಠಿಣವಾದ ಫಲಿತಾಂಶ ತೋರಿಸುತ್ತಾರೆ: ಕೊಳ್ಳುವವನು ಕಾರಿಗೆ ಮಾರುವವನಿಗಿಂತ ಒಂದೂವರೆ ಪಟ್ಟು ಬೆಲೆ ಕಟ್ಟಿದರೂ, ಯಾವ ದರದಲ್ಲೂ ಒಂದು ಕಾರೂ ಕೈ ಬದಲಾಯಿಸುವುದಿಲ್ಲ.

ತರ್ಕದಲ್ಲಿ ಲೋಪವಿಲ್ಲ. ತಕರಾರು ಇರುವುದು ಕಾರಿನ ಬಗ್ಗೆ. ಪ್ರಬಂಧದ ಕಾರಿಗೆ ಎಂಜಿನ್ ಇಲ್ಲ, ಟೈರಿಲ್ಲ, ಬಣ್ಣವಿಲ್ಲ. ‘ಗುಣಮಟ್ಟ’ ಎಂಬ ಒಂದೇ ಒಂದು ಸಂಖ್ಯೆ ಇದೆ. ಅದು ಮಾರುವವನ ತಲೆಯೊಳಗೆ ಬೀಗ ಹಾಕಿಕೊಂಡಿದೆ. ಕೊಳ್ಳುವವನು ಬಾನೆಟ್ ಎತ್ತಿ ನೋಡುವ ಅವಕಾಶವೇ ಆ ಮಾದರಿಯಲ್ಲಿಲ್ಲ.

ಸ್ವಾರಸ್ಯವೆಂದರೆ ಎತ್ತಿ ನೋಡುವ ಕೆಲಸವನ್ನು ಅಕೆರ್‌ಲಾಫ್ ಗಮನಿಸಿಯೇ ಇದ್ದರು, ಅದೂ ನಮ್ಮ ದೇಶದಲ್ಲಿ. 1967-68ರಲ್ಲಿ ಅವರು ಒಂದು ವರ್ಷ ದೆಹಲಿಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯಲ್ಲಿದ್ದರು. ಪ್ರಬಂಧದಲ್ಲಿ ಭಾರತದ ಲೇವಾದೇವಿಗಾರರ ಬಡ್ಡಿಯ ಮಾತಿದೆ; ಅಕ್ಕಿಗೆ ಅದೇ ಬಣ್ಣದ, ಅದೇ ಆಕಾರದ ಕಲ್ಲು ಬೆರೆಸುವ ವ್ಯಾಪಾರಿಗಳೂ, ಅದನ್ನು ಆರಿಸುತ್ತ ಕೂರುವ ಗೃಹಿಣಿಯೂ ಇದ್ದಾರೆ. ಗುಣಮಟ್ಟದ ಏರುಪೇರು ಪಶ್ಚಿಮಕ್ಕಿಂತ ಪೂರ್ವ ದೇಶಗಳಲ್ಲಿ ದೊಡ್ಡ ಸಮಸ್ಯೆ ಎಂದು ಅವರು ಈ ಉದಾಹರಣೆಯಿಂದ ಸೂಚಿಸುತ್ತಾರೆ. (ಇಡೀ ಪ್ರಬಂಧಕ್ಕೆ ಹೆಸರು ಕೊಟ್ಟದ್ದು ಅಮೆರಿಕದ ಕೆಟ್ಟ ಕಾರು ಎಂಬುದನ್ನು ಇಲ್ಲಿ ನೆನೆಯಬೇಕು. ಓಡೋಮೀಟರನ್ನು ಹಿಂದಕ್ಕೆ ತಿರುಗಿಸುವುದನ್ನು ತಡೆಯಲು ಆ ದೇಶ 1972ರಲ್ಲಿ ಕಾನೂನನ್ನೇ ಮಾಡಬೇಕಾಯಿತು.) ಆದರೆ ಕಲ್ಲಿದೆಯೆಂದು ನಮ್ಮ ಮನೆಗಳಲ್ಲಿ ಯಾರೂ ಅಕ್ಕಿ ಕೊಳ್ಳುವುದನ್ನು ಬಿಡಲಿಲ್ಲ. ಮೊರಕ್ಕೆ ಸುರಿದರು, ಕೇರಿದರು, ಆರಿಸಿದರು. ಪ್ರಬಂಧಕಾರರು ಕಲ್ಲನ್ನು ತಮ್ಮ ಮಾದರಿಯೊಳಗೆ ತೆಗೆದುಕೊಂಡರು, ಮೊರವನ್ನು ಹೊರಗೆ ಬಿಟ್ಟರು. ನನ್ನ ಮುಖ್ಯ ಆಕ್ಷೇಪ ಇದು.

ಇನ್ನೆರಡು ಆಕ್ಷೇಪಗಳು ಚಿಕ್ಕವು. ಮಾರುವವನಿಗೆ ಎಲ್ಲ ಗೊತ್ತು ಎಂಬುದು ಮೊದಲ ಒಡೆಯನ ಮಟ್ಟಿಗೆ ನಿಜ. ಮೂರನೆಯ ಒಡೆಯನಿಂದ ದಲ್ಲಾಳಿಯ ಕೈಗೆ ಬಂದು ನಿಂತಿರುವ ಕಾರಿನ ಬಗ್ಗೆ ದಲ್ಲಾಳಿಗೂ ಹೆಚ್ಚೇನೂ ತಿಳಿದಿರುವುದಿಲ್ಲ. ಅಲ್ಲಿ ಇರುವುದು ವಂಚನೆಗಿಂತ ಹೆಚ್ಚಾಗಿ ಅಜ್ಞಾನ, ಅದೂ ಎರಡು ಕಡೆಯದು. ಜೊತೆಗೆ ಎಲ್ಲರೂ ಕೆಟ್ಟಿತೆಂದೇ ಕಾರು ಮಾರುವುದಿಲ್ಲ. ವರ್ಗಾವಣೆ, ಮಗಳ ಮದುವೆ, ದೊಡ್ಡ ಕಾರಿನ ಆಸೆ, ಹೀಗೆ ಕಾರಣ ಹಲವು. ದೆಹಲಿ ರಾಜಧಾನಿ ಪ್ರದೇಶವನ್ನೇ ನೋಡಿ. ಅಲ್ಲಿ 10 ವರ್ಷ ದಾಟಿದ ಡೀಸೆಲ್, 15 ವರ್ಷ ದಾಟಿದ ಪೆಟ್ರೋಲ್ ವಾಹನಗಳ ಮೇಲಿನ ನಿಷೇಧವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. 2025ರಲ್ಲಿ ಅದರ ಜಾರಿ ಸ್ವಲ್ಪ ಸಡಿಲಗೊಂಡಿತು. ಇಂಥ ನಿಯಮ ಒಳ್ಳೆಯ ಕಾರನ್ನೂ ಕೆಟ್ಟ ಕಾರನ್ನೂ ವಯಸ್ಸು ನೋಡಿ ಹೊರಗೆ ತಳ್ಳುತ್ತದೆ. ಅಂದರೆ ಆ ರಾಶಿಯಲ್ಲಿ ನಿಂಬೆಹಣ್ಣುಗಳ ಪಾಲು ಅಸಹಜವಾಗಿ ಹೆಚ್ಚಿರಬೇಕಾಗಿಲ್ಲ. ಹಾಗೆಂದು ಅಗ್ಗದ ದೆಹಲಿ ಕಾರಿಗೆ ಮನಸೋಲಬೇಡಿ. ಎನ್‌ಒಸಿ ತಂದು ಇಲ್ಲಿ ಮರುನೋಂದಣಿ ಮಾಡಿಸಬೇಕು, ಕರ್ನಾಟಕದ ಜೀವಿತಾವಧಿ ತೆರಿಗೆಯನ್ನು ಕಾರಿನ ವಯಸ್ಸಿಗೆ ತಕ್ಕಂತೆ ಹೊಸದಾಗಿ ಕಟ್ಟಬೇಕು. ಇಲ್ಲಿಯೇ ನೋಂದಣಿಯಾದ ಕಾರಿನಲ್ಲಿ ಆ ತೆರಿಗೆ ಕಾರಿನ ಜೊತೆಗೇ ಬರುತ್ತದೆ.

ಎರಡನೆಯದು, ಷೋರೂಮಿನಿಂದ ಹೊರಬಂದ ಕೂಡಲೇ ಕಾರಿನ ಬೆಲೆ ಏಕೆ ಅಷ್ಟೊಂದು ಬೀಳುತ್ತದೆ ಎಂಬ ಪ್ರಶ್ನೆ. ಅಕೆರ್‌ಲಾಫ್ ಇದಕ್ಕೆ ಸಂಶಯವನ್ನು ಕಾರಣವಾಗಿ ಕೊಡುತ್ತಾರೆ. ನಮ್ಮಲ್ಲಿ ಹೊಸ ಕಾರಿಗೆ ಕೊಟ್ಟ ಹಣದಲ್ಲಿ ನೋಂದಣಿ, ವಿಮೆ, ಅಲಂಕಾರದ ಬಿಡಿಭಾಗಗಳು ಎಲ್ಲ ಸೇರಿರುತ್ತವೆ. ಇವುಗಳಲ್ಲಿ ಬಹುಪಾಲು ಮರುಮಾರಾಟದಲ್ಲಿ ಹಿಂದಿರುಗುವುದಿಲ್ಲ. ಕುಸಿತದ ಎಲ್ಲ ಹೊಣೆಯನ್ನೂ ಸಂಶಯದ ಮೇಲೆ ಹೊರಿಸುವುದು ನ್ಯಾಯವಲ್ಲ.

ಸಿದ್ಧಾಂತವನ್ನು ಪರೀಕ್ಷೆಗೆ ಒಡ್ಡಿದವರೂ ಇದ್ದಾರೆ. 1982ರಲ್ಲಿ ಎರಿಕ್ ಬಾಂಡ್ ಅಮೆರಿಕದ ಪಿಕಪ್ ಟ್ರಕ್ಕುಗಳ ದುರಸ್ತಿಯ ಲೆಕ್ಕ ತೆಗೆದು ನೋಡಿದರು. ವಯಸ್ಸು ಮತ್ತು ಓಡಿದ ದೂರವನ್ನು ಸರಿದೂಗಿಸಿದ ಮೇಲೆ, ಹಳೆಯದಾಗಿ ಕೊಂಡ ಟ್ರಕ್ಕುಗಳಿಗೂ ಮೊದಲ ಒಡೆಯನ ಬಳಿಯೇ ಉಳಿದವಕ್ಕೂ ದುರಸ್ತಿಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಆಮೇಲಿನ ಅಧ್ಯಯನಗಳೆಲ್ಲ ಒಂದೇ ಮಾತು ಹೇಳುವುದಿಲ್ಲ. ಆದರೂ ಕೊಳ್ಳುವವರು ಮೊರ ಹಿಡಿದೇ ಪೇಟೆಗೆ ಹೋಗುತ್ತಾರೆ ಎಂಬ ಊಹೆಗೆ ಬಾಂಡ್ ಅವರ ಫಲಿತಾಂಶ ಹೊಂದುತ್ತದೆ.

ಈಗ ಮೊರದ ವಿಷಯಕ್ಕೆ ಬರೋಣ. ಅದೇ ನೂರು ಕಾರುಗಳನ್ನು ಒಬ್ಬ ಮೆಕ್ಯಾನಿಕ್ ಪರೀಕ್ಷಿಸಲಿ. ಅವನು 50 ಕೆಟ್ಟವುಗಳಲ್ಲಿ 40ನ್ನು ಹಿಡಿಯುತ್ತಾನೆ. 50 ಒಳ್ಳೆಯವುಗಳಲ್ಲಿ 5ನ್ನು ತಪ್ಪಾಗಿ ತಿರಸ್ಕರಿಸುತ್ತಾನೆ. ಪಾಸಾದವು 45 ಒಳ್ಳೆಯವು, 10 ಕೆಟ್ಟವು. ಇವುಗಳ ಸರಾಸರಿ ಯೋಗ್ಯತೆ 2.73 ಲಕ್ಷ. ಒಳ್ಳೆಯ ಕಾರಿನ ಒಡೆಯ ಕೇಳಿದ್ದ 2.6 ಲಕ್ಷವನ್ನು ಇದು ಮೀರುತ್ತದೆ. ಸತ್ತ ಮಾರುಕಟ್ಟೆಗೆ ಜೀವ ಬರುತ್ತದೆ. ಮೆಕ್ಯಾನಿಕ್ ಅಷ್ಟು ಚುರುಕಲ್ಲ, 25ನ್ನು ಮಾತ್ರ ಹಿಡಿಯುತ್ತಾನೆ ಎನ್ನಿ. ಆಗ ಸರಾಸರಿ 2.46 ಲಕ್ಷ, ಮತ್ತೆ ಕುಸಿತ. ಕನಿಷ್ಠ ಎಷ್ಟು ಕೆಟ್ಟ ಕಾರುಗಳನ್ನು ಹಿಡಿಯಬೇಕೆಂದು ವಿದ್ಯಾರ್ಥಿಗಳಿಂದ ಲೆಕ್ಕ ಮಾಡಿಸಿ. 34 ಎಂಬ ಉತ್ತರ ಬರಬೇಕು.

ಇದಕ್ಕಿಂತ ಉಪಯುಕ್ತವಾದ ಇನ್ನೊಂದು ಲೆಕ್ಕವಿದೆ. ಅರ್ಧದಷ್ಟು ಕೆಟ್ಟ ಕಾರುಗಳನ್ನು ಮಾತ್ರ ಹಿಡಿಯುವ ಎರಡು ದುರ್ಬಲ ಪರೀಕ್ಷೆಗಳು ನಿಮ್ಮಲ್ಲಿವೆ. ಒಂದರ ತಪ್ಪಿಗೂ ಇನ್ನೊಂದರ ತಪ್ಪಿಗೂ ಸಂಬಂಧವಿಲ್ಲದಿದ್ದರೆ, ಎರಡನ್ನೂ ದಾಟುವ ಕೆಟ್ಟ ಕಾರುಗಳು 12-13, ಒಳ್ಳೆಯವು ಸುಮಾರು 40. ಸರಾಸರಿ 2.64 ಲಕ್ಷ ದಾಟುತ್ತದೆ. ಒಂದೊಂದೇ ಸೋತ ಪರೀಕ್ಷೆಗಳು ಜೊತೆಯಾಗಿ ಗೆಲ್ಲುತ್ತವೆ. ‘ಸಂಬಂಧವಿಲ್ಲದಿದ್ದರೆ’ ಎಂಬ ಷರತ್ತಿನಲ್ಲೇ ಎಲ್ಲವೂ ಇದೆ. ದಲ್ಲಾಳಿಯೇ ಕರೆತಂದ ಮೆಕ್ಯಾನಿಕ್ ಎರಡು ಸಲ ನೋಡಿದರೆ ಅದು ಎರಡು ಪರೀಕ್ಷೆಯಾಗುವುದಿಲ್ಲ.

ಹಾಗಾದರೆ ಒಂದಕ್ಕೊಂದು ಸಂಬಂಧವಿಲ್ಲದ ಸಾಕ್ಷ್ಯಗಳು ಯಾವುವು? ಪ್ರಯೋಗಾಲಯದಿಂದ ಒಂದು ಸಣ್ಣ ಆಯಸ್ಕಾಂತ ತನ್ನಿ, ತೆಳು ಬಟ್ಟೆಯಲ್ಲಿ ಸುತ್ತಿ. ಕಾರ್ಖಾನೆಯ ಬಣ್ಣದ ದಪ್ಪ ಸಾಮಾನ್ಯವಾಗಿ 100 ಮೈಕ್ರಾನಿನ ಆಸುಪಾಸಿನಲ್ಲಿರುತ್ತದೆ. ಅಪಘಾತದ ನಂತರ ಟಿಂಕರಿಂಗ್ ಮಾಡಿ ಪುಟ್ಟಿ ತುಂಬಿದ ಕಡೆ ಅದು ಹಲವು ಪಟ್ಟು ಹೆಚ್ಚಿ, ಉಕ್ಕಿನ ಮೇಲಿನ ಸೆಳೆತ ತಟ್ಟನೆ ಕಡಿಮೆಯಾಗುತ್ತದೆ. ಎಡಬಾಗಿಲನ್ನು ಬಲಬಾಗಿಲಿಗೆ ಹೋಲಿಸಿ ನೋಡಿ. (ಬಂಪರ್ ಪ್ಲಾಸ್ಟಿಕ್ಕಿನದು, ಅಲ್ಲಿ ಹುಡುಕಬೇಡಿ.) ನಂತರ ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳನ್ನು ಓದಿ: 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಓಡೋಮೀಟರ್ 28,000 ಕಿ.ಮೀ. ತೋರಿಸುತ್ತಿದ್ದು, ಏಳು ವರ್ಷದ ಕಾರಿಗೆ ನಾಲ್ಕೂ ಟೈರುಗಳು ಕಳೆದ ವರ್ಷದವಾಗಿದ್ದರೆ ಕಾರಣ ಕೇಳಲೇಬೇಕು. ರಬ್ಬರು ವಯಸ್ಸಿನಿಂದಲೂ ಬಿರುಕು ಬಿಡುತ್ತದೆ, ನಿಜ; ಆದರೆ ಬ್ರೇಕ್ ಪೆಡಲಿನ ರಬ್ಬರೂ ಸವೆದು ನುಣುಪಾಗಿದ್ದರೆ ಆ ವಿವರಣೆ ಸಾಲದು. ಇಂದಿನ ಓಡೋಮೀಟರ್ ಎಂದರೆ ಚಿಪ್ಪಿನಲ್ಲಿ ಕುಳಿತ ಒಂದು ಸಂಖ್ಯೆ. ಅದನ್ನು ಬದಲಾಯಿಸುವುದು ಸುಲಭ, ಕಾರಿನ ಉಳಿದ ಸವೆತವನ್ನು ಬದಲಾಯಿಸುವುದು ಕಷ್ಟ.

ಬಹಳ ಜನ ಕೇಳದ ಸಾಕ್ಷ್ಯವೊಂದು ವಿಮೆಯ ಕಾಗದದಲ್ಲಿದೆ. ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ನೋ ಕ್ಲೇಮ್ ಬೋನಸ್ 20, 25, 35, 45, ಕೊನೆಗೆ 50 ಶೇಕಡಾ ಎಂದು ಏರುತ್ತದೆ. ಆರು ವರ್ಷದ ಕಾರಿನ ವಿಮೆಯಲ್ಲಿ ಬೋನಸ್ ಸೊನ್ನೆಯಿದ್ದರೆ ಏಕೆಂದು ವಿಚಾರಿಸಿ. ಆ ಬೋನಸ್ ಒಡೆಯನಿಗೆ ಸೇರಿದ್ದು, ಕಾರಿಗಲ್ಲ. ಹಾಗಾಗಿ ಅವನ ಹಿಂದಿನ ಕಾರಿನಿಂದ ಬಂದದ್ದೂ ಇರಬಹುದು. ಕೈಯಿಂದ ಹಣ ಕೊಟ್ಟು ಮಾಡಿಸಿದ ದುರಸ್ತಿ ಅದರಲ್ಲಿ ಕಾಣಿಸುವುದೂ ಇಲ್ಲ. ದುರ್ಬಲ ಸಾಕ್ಷ್ಯವೇ ಸರಿ. ಆದರೆ ಆಯಸ್ಕಾಂತಕ್ಕೂ ಇದಕ್ಕೂ ಯಾವ ಸಂಬಂಧವೂ ಇಲ್ಲ, ನಮಗೆ ಬೇಕಾದದ್ದು ಅದೇ.

ಎಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿ ಬಿಸಿ ಮಾಡಿಟ್ಟಿದ್ದರೆ ಇನ್ನೊಂದು ದಿನ ಬರುವುದಾಗಿ ಹೇಳಿ. ನೀಲಿ ಹೊಗೆ ಆಯಿಲ್ ಉರಿಯುವುದರ ಗುರುತು, ನಿಲ್ಲದೆ ಬರುವ ಬಿಳಿ ಹೊಗೆ ಕೂಲೆಂಟ್ ಸೋರಿಕೆಯದು. ನಿಮ್ಮದೇ ಮೆಕ್ಯಾನಿಕ್‌ನಿಂದ ಸಿಲಿಂಡರುಗಳ ಕಂಪ್ರೆಷನ್ ಅಳೆಯಿಸಿ. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಶೇಕಡಾ 10ಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ಸವೆತದ ಸಂಶಯ ಪಡಬೇಕು. ಸ್ಕ್ಯಾನರ್ ಜೋಡಿಸಿ ದೋಷಸಂಕೇತಗಳನ್ನು ಓದಿಸಿದಾಗ ಏನೂ ಇಲ್ಲವೆಂದು ಬಂದರೆ ತಕ್ಷಣ ಸಮಾಧಾನಪಡಬೇಡಿ. ಮಾರುವ ಮೊದಲು ಸಂಕೇತಗಳನ್ನು ಅಳಿಸಿದ್ದರೆ, ಕಾರಿನ ಸ್ವಯಂಪರೀಕ್ಷೆಗಳು ಇನ್ನೂ ಮುಗಿದಿಲ್ಲವೆಂದು ಅದೇ ಸ್ಕ್ಯಾನರ್ ತೋರಿಸುತ್ತದೆ. ಕೊನೆಗೆ ಸೀಟ್ ಬೆಲ್ಟನ್ನು ಪೂರ್ತಿ ಹೊರಗೆಳೆಯಿರಿ. ನೆರೆಯಲ್ಲಿ ಮುಳುಗಿದ ಕಾರಿನ ಸೀಟು, ಕಾರ್ಪೆಟ್ಟುಗಳನ್ನು ತೊಳೆದಿರುತ್ತಾರೆ. ಬೆಲ್ಟಿನ ತುದಿಯ ಕೆಸರಿನ ಗೆರೆ ಮತ್ತು ಸೀಟಿನ ಅಡಿಯ ಬೋಲ್ಟುಗಳ ತುಕ್ಕು ಎಷ್ಟೋ ಸಲ ಹಾಗೆಯೇ ಉಳಿದಿರುತ್ತವೆ.

ಮೊರ ಹಿಡಿಯುವ ಕೆಲಸವನ್ನು ಸಂಸ್ಥೆಗಳಿಗೆ ಬಿಡುವುದು ಅಕೆರ್‌ಲಾಫ್ ಸೂಚಿಸಿದ ಪರಿಹಾರ: ಗ್ಯಾರಂಟಿ, ಬ್ರಾಂಡ್ ಹೆಸರು, ಪರವಾನಗಿ. ಅದು ನಮ್ಮಲ್ಲೂ ಬಂದಿದೆ. ಅವರಿಗೆ ನೊಬೆಲ್ ಬಂದ 2001ರಲ್ಲೇ ಮಾರುತಿ ಕಂಪನಿ ‘ಟ್ರೂ ವ್ಯಾಲ್ಯೂ’ ಮಳಿಗೆಗಳನ್ನು ಆರಂಭಿಸಿತು. ಹಳೆಯ ವಾಹನಗಳ ಡೀಲರುಗಳು ಸಾರಿಗೆ ಇಲಾಖೆಯ ಅಧಿಕೃತ ಮಾನ್ಯತೆ ಪಡೆಯಬೇಕೆಂಬ ಕೇಂದ್ರದ ನಿಯಮ 2023ರ ಏಪ್ರಿಲ್ 1ರಿಂದ ಜಾರಿಗೆ ಬಂದಿದೆ. ಒಳ್ಳೆಯದೇ. ಆದರೆ ಇಂಥ ಮಾರಾಟದಲ್ಲಿ ನಿಮ್ಮ ಮುಂದಿಡುವ ತಪಾಸಣಾ ಪಟ್ಟಿಗಳನ್ನು ನೋಡಿ: ಎಷ್ಟು ಅಂಶ ನೋಡಲಾಯಿತು ಎಂಬ ಸಂಖ್ಯೆ ದಪ್ಪಕ್ಷರದಲ್ಲಿರುತ್ತದೆ, ಪರೀಕ್ಷೆಯಲ್ಲಿ ಪಾಸಾದ ಕಾರುಗಳಲ್ಲಿ ಎಷ್ಟು ಆಮೇಲೆ ಕೆಟ್ಟವು ಎಂಬ ಸಂಖ್ಯೆ ಇರುವುದಿಲ್ಲ. ಮೇಲಿನ ಲೆಕ್ಕದಲ್ಲಿ ಮಾರುಕಟ್ಟೆಯ ಉಳಿವು ಅಳಿವು ನಿಂತಿದ್ದುದು ಎರಡನೆಯ ಸಂಖ್ಯೆಯ ಮೇಲೆ. ಇನ್ನೂರು ಅಂಶಗಳಲ್ಲಿ ನೂರೆಂಬತ್ತು ದೀಪ, ವೈಪರ್, ಗಾಜುಗಳಿಗೇ ಸೇರಿದ್ದರೆ ಆ ಪಟ್ಟಿ ಉದ್ದದ ಒಂದೇ ಪರೀಕ್ಷೆ. ಡೀಲರ್ ಕೊಡುವ ವಾರಂಟಿ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಒಳಗೊಂಡಿದೆಯೇ, ಎಷ್ಟು ತಿಂಗಳು ಎಂದು ಲಿಖಿತದಲ್ಲಿ ಕೇಳಿ. ತನ್ನ ಪರೀಕ್ಷೆಯ ಬಗ್ಗೆ ಅವನಿಗೇ ಇರುವ ನಂಬಿಕೆ ಅಲ್ಲಿ ಗೊತ್ತಾಗುತ್ತದೆ.

ಕಾಗದಪತ್ರಗಳಲ್ಲಿ ಮಾತ್ರ ಮಾರುವವನಿಗೆ ಗೊತ್ತಿರುವುದೆಲ್ಲ ನಿಮಗೂ ಗೊತ್ತಾಗಬಹುದು. ನೋಂದಣಿಯ ದಿನಾಂಕ, ವಿಮೆಯ ಅವಧಿ, ಬಾಕಿ ದಂಡ ಸಾರಿಗೆ ಇಲಾಖೆಯ ತಾಣಗಳಲ್ಲಿ ಸಿಗುತ್ತವೆ. ಕಾರಿನ ಮೇಲೆ ಸಾಲವಿದ್ದರೆ ಆರ್‌ಸಿಯಲ್ಲೇ ಬರೆದಿರುತ್ತದೆ. ಚಾಸಿಯ ಮೇಲಿನ 17 ಅಕ್ಷರ-ಅಂಕಿಗಳನ್ನು ಆರ್‌ಸಿಯೊಡನೆ ಒಂದೊಂದಾಗಿ ತಾಳೆ ನೋಡಿ. ಮೂರು ಲಕ್ಷ ಕೈಯಲ್ಲಿದ್ದರೆ 2.6 ಲಕ್ಷದ ಕಾರು ಹುಡುಕಿ. ಟೈರು, ಬ್ಯಾಟರಿ, ಆಯಿಲ್ ಮತ್ತು ವರ್ಗಾವಣೆಗೆ ಉಳಿದ ಹಣ ಬೇಕಾಗುತ್ತದೆ. 29 ಮತ್ತು 30ನೇ ನಮೂನೆಗಳಿಗೆ ಮಾರುವವರ ಸಹಿ, ಸಾಲ ತೀರಿದ್ದರೆ ಬ್ಯಾಂಕಿನ 35ನೇ ನಮೂನೆ ಕೈಗೆ ಬಂದ ಮೇಲೆ ಕೊನೆಯ ಕಂತು ಕೊಡಿ.