ಕೇಳಿಸದ ವೋಲ್ಟೇಜು, ಕೇಳಿಸುವ ಜಾಗಟೆ

1969ರಲ್ಲಿ ಡೇವಿಡ್ ಟ್ಯೂಡರ್ ಅಹಮದಾಬಾದಿನ ಎನ್‌ಐಡಿಯಲ್ಲಿ ಮೋಗ್ ಸಿಂಥಸೈಜರ್ ನೆಲೆಗೊಳಿಸಿದರು. ಗೀತಾ ಸಾರಾಭಾಯಿ, ಅತುಲ್ ದೇಸಾಯಿ ಮೊದಲಾದವರು ಅದರಲ್ಲಿ ನುಡಿಸಿದ್ದು 2023ರಲ್ಲಿ ಆಲ್ಬಮ್ ಆಗಿ ಹೊರಬಂತು. ಅದೇ ವರ್ಷ ಮೂಡುಬಿದಿರೆ ಕಡೆಯ ಬಲಿಪ ನಾರಾಯಣ ಭಾಗವತರು ತೀರಿಕೊಂಡರು. ಎರಡೂ ನನ್ನ ಕಿವಿಯಲ್ಲಿ ಒಟ್ಟಿಗೇ ಉಳಿದಿವೆ.

ಮೋಗ್‌ನಲ್ಲಿ ನಾದ ಬೇರೆ, ಅದನ್ನು ಆಳುವ ವೋಲ್ಟೇಜು ಬೇರೆ. ಒಂದು ವೋಲ್ಟ್ ಏರಿದರೆ ಸ್ವರ ಒಂದು ಸ್ಥಾಯಿ ಏರುತ್ತದೆ. ಆ ವೋಲ್ಟೇಜನ್ನು ತಗ್ಗಿಸಿ ಕಳಿಸಿದರೆ ಸ್ವರದ ಜಿಗಿತ ಕಿರಿದಾಗುತ್ತದೆ. ಏರಿಳಿತವನ್ನು ನಿಧಾನಿಸಿದರೆ ಸ್ವರ ಜಾರುತ್ತದೆ. ಆಳುವುದು ಮಾತ್ರ ಕೇಳಿಸುವುದಿಲ್ಲ.

ಬಂಟ್ವಾಳ, ಬೆಳ್ತಂಗಡಿಯ ಬಯಲಾಟದಲ್ಲಿ ಹಾಗಲ್ಲ. ಭಾಗವತರ ಜಾಗಟೆ ಚೆಂಡೆ, ಮದ್ದಳೆ, ಹೆಜ್ಜೆಗಳನ್ನು ಆಳುತ್ತಲೇ ತಾನೂ ಕೇಳಿಸುತ್ತದೆ. ವೇಷಧಾರಿ ದಣಿದದ್ದು ಕಂಡರೆ ಲಯ ತುಸು ತಗ್ಗುತ್ತದೆ. ಆಳುವವರೂ ಆಳಿಸಿಕೊಳ್ಳುತ್ತಾರೆ.

ಆ ಆಲ್ಬಮ್ಮಿನ ಸೊಗಸು ಅದರ ಕುತೂಹಲ. ಕೊರತೆ, ಯಂತ್ರದ ಎದುರು ಕುಣಿಯುವವರು ಯಾರೂ ಇಲ್ಲದ್ದು. ಆದರೆ ಬರೀ ಯಂತ್ರವನ್ನು ದೂರಿ ಫಲವಿಲ್ಲ. ಮೈಕು ಕಂಠವನ್ನಷ್ಟೇ ಮೇಲೆತ್ತಿ ಜಾಗಟೆಯನ್ನು ಮುಳುಗಿಸಿದ ರಾತ್ರಿ, ನಮ್ಮ ರಂಗಸ್ಥಳದಲ್ಲೂ ಆಳುವುದು ಕೇಳಿಸದೇ ಹೋಗುತ್ತದೆ. ಅಂಥ ಆಟದಿಂದ ನಾನು ಬೆಳಗಾಗುವ ಮೊದಲೇ ಎದ್ದು ಬಂದಿದ್ದೇನೆ.