ಆಶ್ರಯ ಕೊಟ್ಟೆವು, ಹಕ್ಕು ಕೊಡಲಿಲ್ಲ

ನಿರಾಶ್ರಿತರ ವಿಷಯದಲ್ಲಿ ಕರ್ನಾಟಕ ಹೆಮ್ಮೆಪಡುವಂಥ ಕೆಲಸ ಮಾಡಿದೆ. 1959ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ, ಅವರ ಹಿಂದೆ ಬಂದ ಟಿಬೆಟನ್ನರಿಗೆ ಅಂದಿನ ಮೈಸೂರು ಸರ್ಕಾರ ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲ ಕೊಟ್ಟಿತು. 1966ರಲ್ಲಿ ಉತ್ತರ ಕನ್ನಡದ ಮುಂಡಗೋಡಿನಲ್ಲಿ ಇನ್ನೊಂದು ನೆಲೆಯಾಯಿತು. ಕಾಡು ಕಡಿದು, ಮೆಕ್ಕೆಜೋಳ ಬೆಳೆದು, ಕಳೆದುಕೊಂಡ ಮಠಗಳನ್ನು ಇಲ್ಲೇ ಮತ್ತೆ ಕಟ್ಟಿಕೊಂಡ ಆ ಜನರ ಬದುಕೇ ಆ ಔದಾರ್ಯಕ್ಕೆ ಸಾಕ್ಷಿ. ಆದರೆ ಆಶ್ರಯನೀತಿಯ ಗುಣ ತಿಳಿಯುವುದು ಬಂದವರ ಮೊಮ್ಮಕ್ಕಳ ಕೈಯಲ್ಲಿರುವ ಕಾಗದಗಳಿಂದ. ಇಲ್ಲೇ ಹುಟ್ಟಿ ಕನ್ನಡ ಕಲಿತ ಟಿಬೆಟನ್ ಯುವಕನ ಬಳಿ ಸಾಮಾನ್ಯವಾಗಿ ಇರುವುದು ವಿದೇಶಿಯರ ನೋಂದಣಿ ಪತ್ರ, ಕ್ಯಾಂಪಿನವರ ಬಾಯಲ್ಲಿ ಆರ್‌ಸಿ. ಅವಧಿ ಮುಗಿದಂತೆಲ್ಲ ಅದನ್ನು ನವೀಕರಿಸಿಕೊಳ್ಳುತ್ತಿರಬೇಕು. ಹೋಲಿಸಿ ನೋಡಿ: ಭದ್ರಾವತಿಯ ಕಬ್ಬಿಣ, ಕಾಗದ ಕಾರ್ಖಾನೆಗಳನ್ನು ನಂಬಿ ಹೊರರಾಜ್ಯಗಳಿಂದ ಬಂದವರ ಮಕ್ಕಳು ಅಲ್ಲಿನ ಕಾಗದನಗರದಲ್ಲಿ ಇರಲು ಯಾರ ಕರುಣೆಯನ್ನೂ ಬೇಡಬೇಕಿಲ್ಲ. ಸಂವಿಧಾನದ 19ನೇ ವಿಧಿ ಅವರ ಬೆನ್ನಿಗಿದೆ. ಮುಂಡಗೋಡಿನ ಹುಡುಗನ ಬೆನ್ನಿಗಿರುವುದು ಸರ್ಕಾರದ ಆದೇಶ ಮಾತ್ರ, ಮತ್ತು ಆದೇಶ ಬರೆದ ಕೈ ಅದನ್ನು ಅಳಿಸಲೂಬಹುದು.

ಇದಕ್ಕೆ ಕಾರಣ ಕಾನೂನಿನಲ್ಲಿರುವ ಖಾಲಿ ಜಾಗ. 1951ರ ನಿರಾಶ್ರಿತರ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ, ತನ್ನದೇ ಆಶ್ರಯ ಕಾಯ್ದೆಯನ್ನೂ ಮಾಡಿಕೊಂಡಿಲ್ಲ. 1946ರ ವಿದೇಶಿಯರ ಕಾಯ್ದೆಗಾಗಲಿ, ಅದರ ಜಾಗಕ್ಕೆ ಬಂದ 2025ರ ಕಾಯ್ದೆಗಾಗಲಿ ಪ್ರಾಣಭಯದಿಂದ ಓಡಿಬಂದವನು ಬೇರೆ, ವೀಸಾ ಮುಗಿದ ಮೇಲೂ ಉಳಿದ ಪ್ರವಾಸಿ ಬೇರೆ ಎಂಬ ಅರಿವಿಲ್ಲ. ಹಾಗಾಗಿ ಎಲ್ಲವೂ ವಿನಾಯಿತಿಯ ಪಟ್ಟಿಯಲ್ಲಿ ಯಾರ ಹೆಸರಿದೆ ಎಂಬುದರ ಮೇಲೆ ನಿಂತಿದೆ. 2019ರ ಪೌರತ್ವ ತಿದ್ದುಪಡಿ ಸಿಂಧನೂರಿನ ಪುನರ್ವಸತಿ (ಆರ್.ಎಚ್.) ಕ್ಯಾಂಪುಗಳಲ್ಲಿ ಪೌರತ್ವ ಸಿಗದೆ ಉಳಿದ ಬಂಗಾಳಿ ಹಿಂದೂಗಳಿಗೆ ದಾರಿ ತೆರೆಯಿತು. ಅವರಿಗೆ ಅದು ಎಂದೋ ಸಿಗಬೇಕಿತ್ತು. ಆದರೆ ಪಾಕಿಸ್ತಾನ, ಅಫ್ಘಾನಿಸ್ತಾನ, ಬಾಂಗ್ಲಾದೇಶಗಳ ಆರು ಧರ್ಮದವರನ್ನಷ್ಟೇ ಒಳಗೊಂಡ ಆ ತಿದ್ದುಪಡಿಯಲ್ಲಿ ಟಿಬೆಟನ್ನರಿಲ್ಲ, ಶ್ರೀಲಂಕಾದ ತಮಿಳರಿಲ್ಲ, ಮ್ಯಾನ್ಮಾರಿನ ರೋಹಿಂಗ್ಯಾಗಳಿಲ್ಲ. ಅನುಭವಿಸಿದ ಹಿಂಸೆಗಿಂತ ಬಂದ ದೇಶ, ನಂಬಿದ ಧರ್ಮ ಮುಖ್ಯವಾದಲ್ಲಿ ಗಡಿನೀತಿ ನ್ಯಾಯದ ಕೈಬಿಟ್ಟು ರಾಜಕೀಯದ ಕೈಹಿಡಿದಿದೆ ಎಂದೇ ಹೇಳಬೇಕು.

ಸಹಿ ಹಾಕಿದ ಎಷ್ಟೋ ದೇಶಗಳಿಗಿಂತ ನಾವು ಸಹಿ ಹಾಕದೆಯೂ ಚೆನ್ನಾಗಿ ನಡೆದುಕೊಂಡೆವಲ್ಲ, ಕಾಯ್ದೆ ಯಾಕೆ ಎಂದು ಕೇಳುವವರಿದ್ದಾರೆ. ಬೈಲಕುಪ್ಪೆಯ ಮಟ್ಟಿಗೆ ಮಾತು ನಿಜ. ಆದರೆ ಹಕ್ಕು ಕಾನೂನಿನಲ್ಲಿ ಬರೆದಿದ್ದಾಗಲೂ ಅದು ಕೈಗೆ ಬರಲು ಎಷ್ಟು ಒದ್ದಾಡಬೇಕಾಯಿತು ನೋಡಿ; ಬರೆಯದಿದ್ದರೆ ಇನ್ನೇನು ಗತಿ? 1950ರ ಜನವರಿ 26ರಿಂದ 1987ರ ಜುಲೈ 1ರೊಳಗೆ ಇಲ್ಲಿ ಹುಟ್ಟಿದ ಟಿಬೆಟನ್ನರು ಹುಟ್ಟಿನಿಂದಲೇ ಭಾರತೀಯರು ಎಂದು 2010ರಲ್ಲಿ ದೆಹಲಿ ಹೈಕೋರ್ಟ್ ಹೇಳಿತು, 2013ರಲ್ಲಿ ಕರ್ನಾಟಕ ಹೈಕೋರ್ಟೂ ಅದನ್ನೇ ಎತ್ತಿಹಿಡಿಯಿತು. 2017ರಲ್ಲಿ ಪಾಸ್‌ಪೋರ್ಟ್ ಕೊಡಲು ಒಪ್ಪಿದ ಕೇಂದ್ರ, ಆರ್‌ಸಿ ಹಿಂದಿರುಗಿಸಬೇಕು, ಟಿಬೆಟನ್ ವಸಾಹತಿನಲ್ಲಿ ವಾಸಿಸಕೂಡದು ಎಂಬ ಷರತ್ತುಗಳನ್ನು ಜೋಡಿಸಿತು. ಹುಟ್ಟಿನಿಂದ ಬಂದ ಹಕ್ಕಿಗಾಗಿ ಹುಟ್ಟಿದ ಮನೆ ಬಿಡಬೇಕೆನ್ನುವುದು ಕ್ರೂರವೇ ಸರಿ. ಟಿಬೆಟನ್ನರಲ್ಲಿ ಅನೇಕರು ತಾಯ್ನಾಡಿನ ಮೇಲಿನ ಹಕ್ಕು ಸಡಿಲವಾದೀತೆಂದು ಪೌರತ್ವವನ್ನೇ ಬಯಸುವುದಿಲ್ಲ, ಅದೂ ನಿಜ. ಅವರಿಗೇ ಆಶ್ರಯ ಕಾಯ್ದೆ ಹೆಚ್ಚು ಬೇಕು: ಭಾರತೀಯರಾಗದೆಯೂ ನಿರ್ಭಯವಾಗಿ ಇಲ್ಲಿರುವ ಸ್ಥಾನವನ್ನು ಕೊಡಬಲ್ಲದ್ದು ಅದೊಂದೇ.

ಕಾಯ್ದೆಯ ವಿರುದ್ಧ ಎತ್ತುವ ದೇಶದ ಭದ್ರತೆಯ ಆತಂಕ ಆ ಪ್ರಶ್ನೆಗಿಂತ ಗಂಭೀರ. ಆದರೆ ಯುದ್ಧಾಪರಾಧಿಗಳಿಗೆ, ಘೋರ ಅಪರಾಧ ಮಾಡಿ ಬಂದವರಿಗೆ 1951ರ ಒಪ್ಪಂದವೇ ರಕ್ಷಣೆ ನಿರಾಕರಿಸುತ್ತದೆ. ಅರ್ಜಿ, ವಿಚಾರಣೆ, ಮೇಲ್ಮನವಿಗಳ ವ್ಯವಸ್ಥೆಯಿದ್ದರೆ ಬಂದವನು ಅಧಿಕಾರಿಯ ಎದುರು ಬಂದು ಹೆಸರು, ಊರು, ಕಾರಣ ಹೇಳುತ್ತಾನೆ. ಇಲ್ಲದಿದ್ದರೆ ಊರಂಚಿನ ಗುಡಿಸಲಲ್ಲಿ ಹೆಸರು ಮರೆಸಿಕೊಂಡು ಬದುಕುತ್ತಾನೆ. ಭದ್ರತೆಗೆ ಯಾವುದು ಒಳ್ಳೆಯದು? ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ 1996ರಲ್ಲೇ ಸುಪ್ರೀಂ ಕೋರ್ಟ್, 21ನೇ ವಿಧಿಯ ಜೀವರಕ್ಷಣೆ ಪೌರರಲ್ಲದವರಿಗೂ ಇದೆ ಎಂದಿತ್ತು. ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ನೇತೃತ್ವದಲ್ಲಿ ಮಾದರಿ ಕಾಯ್ದೆಯ ಕರಡೂ ಆ ದಶಕದಲ್ಲೇ ಸಿದ್ಧವಾಗಿತ್ತು. ಶಶಿ ತರೂರ್ 2015ರಲ್ಲಿ, ಮತ್ತೆ 2022ರಲ್ಲಿ ಲೋಕಸಭೆಯಲ್ಲಿ ಆಶ್ರಯ ಕುರಿತು ತಂದ ಖಾಸಗಿ ಮಸೂದೆಗಳು ಕಾಯ್ದೆಯಾಗಲಿಲ್ಲ. ಆರು ದಶಕ ನಿರಾಶ್ರಿತರೊಡನೆ ಬಾಳಿದ ರಾಜ್ಯದ 28 ಲೋಕಸಭಾ ಸದಸ್ಯರು, ಪಕ್ಷ ಯಾವುದೇ ಇರಲಿ, ಅಂಥ ಮಸೂದೆಯನ್ನು ಸರ್ಕಾರವೇ ತರಬೇಕೆಂದು ಕೇಳಬೇಕು.