ಒಪ್ಪಿಸಿದ ಮಾತ್ರಕ್ಕೆ ವಾದ ಗಟ್ಟಿಯಾ?

'ಟ್ವೆಲ್ವ್ ಆಂಗ್ರಿ ಮೆನ್' ಸಿನಿಮಾ ನೋಡಿ ಎದ್ದವರು ಸಾಮಾನ್ಯವಾಗಿ ಹೇಳೋದು ಒಂದೇ ಮಾತು: "ಒಬ್ಬನೇ ಮನುಷ್ಯ ಹನ್ನೊಂದು ಜನರನ್ನ ಒಪ್ಪಿಸಿಬಿಟ್ಟನಲ್ಲ ಮಾರಾಯ, ವಾದ ಅಂದ್ರೆ ಅದು!" ಐಟಿ ಕಂಪನಿಗಳ ಲೀಡರ್‌ಶಿಪ್ ಟ್ರೇನಿಂಗ್‌ಗಳಲ್ಲಿ ಈ ಸಿನಿಮಾದ ತುಣುಕುಗಳನ್ನ ತೋರಿಸೋದೂ ಇದಕ್ಕೇ. ಅಂಥ ಎರಡು ಟ್ರೇನಿಂಗ್‌ಗಳಲ್ಲಿ ನಾನೂ ಕೂತಿದ್ದೇನೆ. ಅಲ್ಲಿ ಕಲಿಸೋ ಪಾಠ ಇಷ್ಟು: ನಿಮ್ಮ ವಾದ ಎಷ್ಟು ಗಟ್ಟಿ ಅಂತ ತಿಳೀಬೇಕಾದ್ರೆ, ಎದುರು ಕೂತವರಲ್ಲಿ ಎಷ್ಟು ಜನ ನಿಮ್ಮ ಕಡೆ ಬಂದರು ಅಂತ ಎಣಿಸಿ.

ನನ್ನ ತಕರಾರು ಇಲ್ಲೇ. ಈ ಪಾಠ ಕಲಿಸೋಕೆ ಇದಕ್ಕಿಂತ ತಪ್ಪು ಸಿನಿಮಾ ಸಿಗಲಿಕ್ಕಿಲ್ಲ. ಸ್ವಲ್ಪ ನಿಧಾನವಾಗಿ ನೋಡಿದರೆ ಸಿನಿಮಾ ಹೇಳ್ತಿರೋದು ಇದರ ಉಲ್ಟಾ.

ನೋಡದವರಿಗೆ ಎರಡು ಮಾತು. 1957ರ ಸಿನಿಮಾ, ಸಿಡ್ನಿ ಲ್ಯೂಮೆಟ್ ನಿರ್ದೇಶನ. ರೆಜಿನಾಲ್ಡ್ ರೋಸ್ 1954ರಲ್ಲಿ ಟೀವಿಗೆ ಬರೆದ ನಾಟಕವೇ ಇದಕ್ಕೆ ಮೂಲ. ಹಿಂದಿಯಲ್ಲಿ 'ಏಕ್ ರುಕಾ ಹುವಾ ಫೈಸ್ಲಾ' (1986), ಕನ್ನಡದಲ್ಲಿ 'ದಶಮುಖ' (2012) ಇದರಿಂದಲೇ ಹುಟ್ಟಿದ್ದು. ಕೊಳೆಗೇರಿಯ ಹದಿನೆಂಟು ವರ್ಷದ ಹುಡುಗನ ಮೇಲೆ ಅಪ್ಪನನ್ನು ಇರಿದು ಕೊಂದ ಆರೋಪ. ತಪ್ಪಿತಸ್ಥ ಅಂದರೆ ಮರಣದಂಡನೆ ಖಂಡಿತ. ಹನ್ನೆರಡು ಜ್ಯೂರಿಗಳು ಒಮ್ಮತಕ್ಕೆ ಬರಬೇಕು. ಮೊದಲ ಸಲ ಕೈ ಎತ್ತಿದಾಗ ಹನ್ನೊಂದು ಜನ 'ತಪ್ಪಿತಸ್ಥ', ಹೆನ್ರಿ ಫೋಂಡಾ ಮಾಡಿದ 8ನೇ ಜ್ಯೂರಿ ಮಾತ್ರ 'ಅಲ್ಲ'. ಕೊನೆಗೆ ಹನ್ನೆರಡಕ್ಕೆ ಹನ್ನೆರಡೂ 'ಅಲ್ಲ'. ಹೆಚ್ಚುಕಮ್ಮಿ ಇಡೀ ಸಿನಿಮಾ ಒಂದೇ ಕೋಣೆಯಲ್ಲಿ, ಬೇಸಿಗೆಯ ಸೆಕೆಯಲ್ಲಿ ನಡೆಯುತ್ತೆ.

ಈಗ ಒಬ್ಬೊಬ್ಬರೂ ಯಾಕೆ ಬದಲಾದರು ಅಂತ ಲೆಕ್ಕ ಹಾಕೋಣ.

ಮೊದಲು ಬದಲಾಗೋನು 9ನೇ ಜ್ಯೂರಿ, ಒಬ್ಬ ಮುದುಕ. ಅಷ್ಟರಲ್ಲಿ ಚಾಕುವಿನ ವಿಷಯ ಬಂದುಹೋಗಿರುತ್ತೆ. ಆದರೆ ಅವನು ಕೊಡೋ ಕಾರಣ ಚಾಕು ಅಲ್ಲ. ಎಲ್ಲರೂ ಹೀಯಾಳಿಸ್ತಿದ್ದಾಗ ಒಬ್ಬನೇ ನಿಂತ ಮನುಷ್ಯನ ಮೇಲೆ ಅವನಿಗೆ ಗೌರವ, ಇನ್ನಷ್ಟು ಮಾತು ಕೇಳಬೇಕು ಅನ್ನೋ ಆಸೆ. ಒಳ್ಳೆಯ ಕಾರಣವೇ. ಆದರೆ ಅದು ವಾದಕ್ಕೆ ಸಿಕ್ಕ ಓಟಲ್ಲ, ಧೈರ್ಯಕ್ಕೆ ಸಿಕ್ಕ ಓಟು.

12ನೆಯವನು ಜಾಹೀರಾತು ಕಂಪನಿಯವನು. ಆ ಕಡೆ ಹೋಗ್ತಾನೆ, ಈ ಕಡೆ ಬರ್ತಾನೆ, ಮತ್ತೆ ಆ ಕಡೆ. ಗಾಳಿ ಬಂದ ಕಡೆ ತೂರಿಕೊಳ್ಳೋ ಜಾತಿ. ಕೊನೆಯವನಾದ 3ನೆಯವನು ಮುರಿಯೋದು ಸಾಕ್ಷ್ಯದಿಂದಲ್ಲ. ಜಗಳವಾಡಿ ಮನೆ ಬಿಟ್ಟುಹೋದ ಮಗನ ಫೋಟೋ ಅವನ ಕಣ್ಣಿಗೆ ಬೀಳುತ್ತೆ, ಹರಿದುಹಾಕ್ತಾನೆ, ಅಳ್ತಾನೆ, ಆಮೇಲೆ ಒಪ್ತಾನೆ. ಒಂದು ವೇಳೆ ಆ ಫೋಟೋ ಪರ್ಸಿನಲ್ಲೇ ಉಳಿದಿದ್ದರೆ? ಲೆಕ್ಕ ಹನ್ನೊಂದಕ್ಕೆ ನಿಲ್ಲುತ್ತಿತ್ತು. ಆಗ 8ನೆಯವನ ವಾದ ಒಂದು ಕೂದಲಿನಷ್ಟಾದರೂ ದುರ್ಬಲ ಆಗ್ತಿತ್ತಾ?

ಇನ್ನು 7ನೆಯವನು. ಬೇಸ್‌ಬಾಲ್ ಮ್ಯಾಚಿನ ಟಿಕೆಟ್ ಜೇಬಲ್ಲಿಟ್ಟುಕೊಂಡು ಬಂದ ಆಸಾಮಿ. ಮಾತು ಮುಗಿಯೋ ಲಕ್ಷಣ ಕಾಣಲ್ಲ, ಸಾಕಾಗಿಹೋಗಿದೆ, ಬಹುಮತ ಆ ಕಡೆ ವಾಲ್ತಿದೆ. ಸರಿ, ನಾನೂ 'ಅಲ್ಲ' ಅಂದುಬಿಡ್ತಾನೆ. ನಮ್ಮ ಆಫೀಸುಗಳಲ್ಲಿ ಇವನನ್ನ ನೋಡದವರು ಯಾರು? ಆರೂವರೆಗೆ ಕ್ಯಾಬ್ ಇದೆ ಅಂದರೆ ಆರೂಕಾಲಿಗೆ ಎಲ್ಲ ಡಿಸೈನಿಗೂ 'ಲುಕ್ಸ್ ಗುಡ್' ಬಂದುಬಿಡುತ್ತೆ.

ಇಲ್ಲಿ ಸಿನಿಮಾ ಒಂದು ಅದ್ಭುತ ಕೆಲಸ ಮಾಡುತ್ತೆ. 7ನೆಯವನ ಮೇಲೆ ಎಗರಿ ಬೀಳೋದು ಎದುರು ಪಕ್ಷದವರಲ್ಲ, ಅವನು ಯಾರ ಕಡೆ ಸೇರಿದನೋ ಆ ಪಕ್ಷದ 11ನೆಯವನು, ಹೊರದೇಶದಿಂದ ಬಂದ ಗಡಿಯಾರ ರಿಪೇರಿಯವನು. ನೀನು ಈ ಕಡೆ ಬಂದಿದ್ದು ನಂಬಿಕೆಯಿಂದಲೋ, ಬೇಜಾರಿನಿಂದಲೋ, ಕಾರಣ ಹೇಳು ಅಂತ ಪಟ್ಟು ಹಿಡೀತಾನೆ. ಬಿಟ್ಟಿಯಾಗಿ ಬಂದ ಓಟನ್ನ ಗೆಲ್ಲೋ ಕಡೆಯವನೇ ಬೇಡ ಅಂತಾನೆ! ಟ್ರೇನಿಂಗ್‌ನವರ ಲೆಕ್ಕದಲ್ಲಿ ಇದು ಹುಚ್ಚುತನ. ನನ್ನ ಪ್ರಕಾರ ಇದೇ ಸಿನಿಮಾದ ಜೀವ. ಎಷ್ಟು ಜನ ಬಂದರು ಅನ್ನೋದಕ್ಕಿಂತ ಯಾತಕ್ಕೆ ಬಂದರು ಅನ್ನೋದು ಅವನಿಗೆ ಮುಖ್ಯ, ಯಾಕಂದ್ರೆ ಪಣಕ್ಕಿಟ್ಟಿರೋದು ಒಬ್ಬ ಹುಡುಗನ ಪ್ರಾಣ.

ಹಾಗಾದರೆ ಯಾವ ಓಟೂ ಲೆಕ್ಕಕ್ಕಿಲ್ವಾ? ಇದೆ, 4ನೆಯವನದ್ದು. ಷೇರು ದಲ್ಲಾಳಿ, ಸೆಕೆಯಲ್ಲೂ ಕೋಟು ಬಿಚ್ಚದವನು, ದನಿ ಏರಿಸದವನು. ಬೇರೆ ಸಾಕ್ಷ್ಯ ಏನೇ ಇರಲಿ, ರೈಲು ಹಳಿಯ ಆಚೆ ಮನೆಯ ಹೆಂಗಸು ಕಿಟಕಿಯಿಂದ ಕೊಲೆ ಕಂಡೆ ಅಂತ ಹೇಳಿದಾಳಲ್ಲ, ಅದನ್ನ ದಾಟೋಕಾಗಲ್ಲ ಅಂತ ಅವನು ಸ್ಪಷ್ಟವಾಗಿ ಹೇಳಿಬಿಡ್ತಾನೆ. ಅಂದರೆ ತನ್ನ ನಂಬಿಕೆ ಯಾವ ಕಂಬದ ಮೇಲೆ ನಿಂತಿದೆ ಅಂತ ಬೆರಳಿಟ್ಟು ತೋರಿಸ್ತಾನೆ. ಆಮೇಲೆ ಮುದುಕ ಅವನ ಮೂಗಿನ ಮೇಲಿನ ಕನ್ನಡಕದ ಗುರುತು ಗಮನಿಸ್ತಾನೆ. ಅಂಥದ್ದೇ ಗುರುತು ಆ ಹೆಂಗಸಿನ ಮೂಗಿನ ಮೇಲೂ ಇತ್ತು. ಹಾಸಿಗೆಯಲ್ಲಿ ಮಲಗಿದವರು ಕನ್ನಡಕ ಹಾಕಿಕೊಂಡಿರಲ್ಲ. ಕಂಬ ಅಲ್ಲಾಡಿತು, 4ನೆಯವನು ಒಪ್ಪಿದ. ಇದು ವಾದಕ್ಕೆ ಸಿಕ್ಕ ಓಟು. ಆದರೂ ಗಮನಿಸಿ: ವಾದಕ್ಕೆ ಬಲ ಬಂದಿದ್ದು ಕನ್ನಡಕದ ಗುರುತಿನಿಂದ. ಅವನ ಒಪ್ಪಿಗೆ ಅದಕ್ಕೆ ಹೊಡೆದ ರಸೀದಿ ಮಾತ್ರ.

ಅಷ್ಟೇ ಅಲ್ಲ, ಹನ್ನೆರಡು ಜನ ಒಪ್ಪಿದ ಮೇಲೂ ಈ ವಾದದಲ್ಲಿ ತೂತುಗಳಿವೆ. ಆ ಹೆಂಗಸಿಗೆ ಇದ್ದಿದ್ದು ದೂರದೃಷ್ಟಿಯ ದೋಷವೋ, ಓದೋಕೆ ಮಾತ್ರ ಬೇಕಾದ ಕನ್ನಡಕವೋ? ಕೋಣೆಯಲ್ಲಿರೋ ಯಾರಿಗೂ ಗೊತ್ತಿಲ್ಲ. 8ನೆಯವನು ಹುಡುಗನ ಮನೆಯ ಹತ್ತಿರ ಅಂಥದ್ದೇ ಚಾಕು ಕೊಂಡುತಂದು ಮೇಜಿಗೆ ಚುಚ್ಚೋ ದೃಶ್ಯಕ್ಕೆ ನಾವೆಲ್ಲ ಶಿಳ್ಳೆ ಹೊಡೀತೀವಿ. ಆದರೆ ಜ್ಯೂರಿಯಾದವನು ತಾನೇ ಹೋಗಿ ಸಾಕ್ಷ್ಯ ಹುಡುಕೋ ಹಾಗಿಲ್ಲ. ಅಮೆರಿಕದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸೋನಿಯಾ ಸೊಟೊಮಯೋರ್ ತಾವು ಕಾನೂನಿನ ಕಡೆ ಬರೋಕೆ ಈ ಸಿನಿಮಾ ಪ್ರೇರಣೆ ಅಂತ 2010ರಲ್ಲಿ ಹೇಳಿದ್ದರು. ಜೊತೆಗೆ, ಕೆಳಗಿನ ಕೋರ್ಟಿನಲ್ಲಿದ್ದಾಗ ಈ ಸಿನಿಮಾದವರ ಹಾಗೆ ನಡೆದುಕೊಳ್ಳಬೇಡಿ ಅಂತ ಜ್ಯೂರಿಗಳಿಗೆ ಹೇಳ್ತಿದ್ದುದನ್ನೂ ನೆನಪಿಸಿಕೊಂಡಿದ್ದರು. ಹನ್ನೆರಡಕ್ಕೆ ಹನ್ನೆರಡು ಅನ್ನೋ ಅಂಕಿ ಈ ತೂತುಗಳನ್ನ ಮುಚ್ಚಿಬಿಡುತ್ತೆ. 8ನೆಯವನ ವಾದ ನಿಲ್ಲೋದು ಅವನ ದಾವೆ ಸಣ್ಣದು ಅನ್ನೋ ಕಾರಣಕ್ಕೆ. ಹುಡುಗ ನಿರಪರಾಧಿ ಅಂತ ಅವನು ಎಲ್ಲೂ ಸಾಧಿಸಲ್ಲ, ಅನುಮಾನಕ್ಕೆ ಜಾಗ ಇದೆ ಅಂತಾನೆ ಅಷ್ಟೇ. ಆ ಸಣ್ಣ ದಾವೆಗೆ ಈ ಸಾಕ್ಷ್ಯ ಸಾಕು. ದೊಡ್ಡ ದಾವೆಗೆ, ಹನ್ನೆರಡಲ್ಲ ಸಾವಿರ ಜನ ಒಪ್ಪಿದರೂ ಸಾಲದು.

ಎದುರಾಳಿ ಒಪ್ಪೋದನ್ನ ಅಳತೆಗೋಲು ಮಾಡದೆಯೂ ವಾದವನ್ನ ತೂಗಬಹುದು ಅನ್ನೋದು ನಮ್ಮ ಸಾಗರದ ಕಡೆಯವರಿಗೆ, ಕರಾವಳಿಯವರಿಗೆ ಹೊಸದೇನಲ್ಲ. ತಾಳಮದ್ದಳೆ ನೋಡಿ. ವೇಷ ಇಲ್ಲ, ಕುಣಿತ ಇಲ್ಲ. ಭಾಗವತರು ಪದ್ಯ ಹೇಳ್ತಾರೆ, ಅರ್ಥಧಾರಿಗಳು ಎದುರುಬದುರು ಕೂತು ಆಶುವಾಗಿ ಮಾತಾಡ್ತಾರೆ. 'ಕೃಷ್ಣ ಸಂಧಾನ' ಪ್ರಸಂಗ ಇಟ್ಟುಕೊಂಡರೆ ಕೃಷ್ಣ ಎಷ್ಟೇ ಚೆನ್ನಾಗಿ ಮಾತಾಡಲಿ, ಕೌರವ ಒಪ್ಪೋ ಹಾಗೇ ಇಲ್ಲ. ಒಪ್ಪಿದರೆ ಮಹಾಭಾರತವೇ ನಿಂತುಹೋಗುತ್ತೆ! ಒಪ್ಪಿಸೋದೇ ಅಳತೆ ಆಗಿದ್ದರೆ ಕೃಷ್ಣನ ಅರ್ಥ ಹೇಳಿದವರೆಲ್ಲ ಪ್ರತಿ ರಾತ್ರಿ ಸೋತು ಮನೆಗೆ ಹೋಗಬೇಕಿತ್ತು. ಆದರೆ ಬೆಳಗಿನ ಜಾವ ಬ್ಯಾಟರಿ ಹಿಡಿದು ಮನೆ ಕಡೆ ನಡೆಯೋ ಜನ ಮಾತಾಡೋದೇ ಬೇರೆ. ಕೌರವ ಎತ್ತಿದ ಆ ಪ್ರಶ್ನೆಗೆ ಕೃಷ್ಣ ನೇರ ಉತ್ತರ ಕೊಟ್ಟನಾ, ಜಾರಿಕೊಂಡನಾ? ಮೊದಲು ಹೇಳಿದ್ದಕ್ಕೂ ಆಮೇಲೆ ಹೇಳಿದ್ದಕ್ಕೂ ತಾಳೆ ಆಯ್ತಾ? ಶೇಣಿ ಗೋಪಾಲಕೃಷ್ಣ ಭಟ್ಟರಂಥ ದೊಡ್ಡ ಅರ್ಥಧಾರಿಗಳು ಕತೆಯಲ್ಲಿ ಸೋಲಲೇಬೇಕಾದ ಪಾತ್ರಗಳಲ್ಲೂ ಹೆಸರು ಗಳಿಸಿದ್ದು ಇಂಥ ಕೇಳುಗರ ಮುಂದೆ.

ವಿಜ್ಞಾನದಲ್ಲಿ ಇದಕ್ಕೆ ಒಳ್ಳೆಯ ಉದಾಹರಣೆ ಇದೆ. ಇಸ್ರೇಲಿನ ಡಾನ್ ಶೆಕ್ಟ್‌ಮನ್ 1982ರಲ್ಲಿ ಅಲ್ಯೂಮಿನಿಯಂ-ಮ್ಯಾಂಗನೀಸ್ ಮಿಶ್ರಲೋಹವನ್ನ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿದಾಗ, ಹರಳುಗಳಲ್ಲಿ ಇರೋಕೆ ಸಾಧ್ಯವೇ ಇಲ್ಲ ಅಂತ ಪುಸ್ತಕಗಳು ಹೇಳ್ತಿದ್ದ ಸಮಮಿತಿ ಕಂಡಿತು. ಎರಡು ನೊಬೆಲ್ ಪಡೆದ ಲೈನಸ್ ಪಾಲಿಂಗ್ ಇದನ್ನ ಒಪ್ಪಲೇ ಇಲ್ಲ. ಇವೆಲ್ಲ ಮಾಮೂಲಿ ಹರಳುಗಳೇ, ಒಂದಕ್ಕೊಂದು ಜೋಡಿಕೊಂಡು ಹೀಗೆ ಕಾಣ್ತಿವೆ ಅನ್ನೋದು ಅವರ ಆಕ್ಷೇಪ. 1994ರಲ್ಲಿ ತೀರಿಕೊಳ್ಳೋವರೆಗೂ ಅವರು ಅದನ್ನ ಬಿಡಲಿಲ್ಲ. ಆದರೆ 1987ರ ಹೊತ್ತಿಗೆ ದೊಡ್ಡ ಹರಳುಗಳನ್ನ ಬೆಳೆಸಿ ಎಕ್ಸ್-ರೇಯಲ್ಲಿ ನೋಡಿಯಾಗಿತ್ತು. 1992ರಲ್ಲಿ, ಪಾಲಿಂಗ್ ಇನ್ನೂ ಬದುಕಿದ್ದಾಗಲೇ, ಅಂತರರಾಷ್ಟ್ರೀಯ ಕ್ರಿಸ್ಟಲೋಗ್ರಫಿ ಒಕ್ಕೂಟ 'ಹರಳು' ಅನ್ನೋ ಪದದ ವ್ಯಾಖ್ಯೆಯನ್ನೇ ಬದಲಿಸಿತು. 2011ರಲ್ಲಿ ಶೆಕ್ಟ್‌ಮನ್‌ಗೆ ನೊಬೆಲ್ ಬಂತು. ಅತಿ ದೊಡ್ಡ ಎದುರಾಳಿ ಕೊನೆವರೆಗೂ ಒಪ್ಪಲಿಲ್ಲ, ಆದರೆ ಅವರ ಆಕ್ಷೇಪಕ್ಕೆ ಉತ್ತರ ಸಿಕ್ಕಿತು. ಎರಡೂ ಬೇರೆ ಬೇರೆ ಸಂಗತಿ.

ಹಾಗಂತ ಎದುರಾಳಿ ಬೇಡವೇ ಬೇಡ ಅಂತಲ್ಲ. ನಮ್ಮ ಭಾಷೆಯಲ್ಲೇ ಹೇಳೋದಾದ್ರೆ, ಎದುರಾಳಿ ಟೆಸ್ಟರ್ ಇದ್ದ ಹಾಗೆ. ನಿಮ್ಮ ಕೋಡ್ ಇಷ್ಟವಿಲ್ಲದವನು ಹುಡುಕೋವಷ್ಟು ಬಗ್‌ಗಳನ್ನ ಗೆಳೆಯ ಹುಡುಕಲ್ಲ. ಟೆಸ್ಟರ್ ಕೊಡೋ ಬಗ್ ರಿಪೋರ್ಟಿಗೆ ಬೆಲೆ ಇದೆ, ಅದಕ್ಕೆ ಉತ್ತರ ಕೊಡಲೇಬೇಕು. ಆದರೆ ಟೆಸ್ಟರ್ ಖುಷಿಯಾದ ಅನ್ನೋದು ಕೋಡ್ ಸರಿಯಿದೆ ಅನ್ನೋದಕ್ಕೆ ಪುರಾವೆ ಅಲ್ಲ. ಅವನು ಮುಖ ಗಂಟಿಕ್ಕಿಕೊಂಡಿದ್ದಾನೆ ಅನ್ನೋದು ಬಗ್ ಕೂಡ ಅಲ್ಲ.

ಇದನ್ನ ಇಷ್ಟು ಹಿಗ್ಗಿಸಿ ಬರೆಯೋಕೆ ಕಾರಣ ಇದೆ. ಒಪ್ಪಿಸೋ ಶಕ್ತಿಯನ್ನೇ ವಾದದ ಶಕ್ತಿ ಅಂದುಕೊಂಡರೆ ಪೆಟ್ಟು ಬೀಳೋದು ಮಾತು ಬಾರದವರಿಗೆ. ಸಿನಿಮಾದಲ್ಲೇ ನೋಡಿ. ಆ ಬಗೆಯ ಚಾಕುವನ್ನ ಹೇಗೆ ಹಿಡೀತಾರೆ ಅಂತ ಸರಿಯಾಗಿ ಗೊತ್ತಿದ್ದಿದ್ದು ಕೊಳೆಗೇರಿಯಲ್ಲಿ ಬೆಳೆದ 5ನೆಯವನಿಗೆ. ಅವನೋ ಮೊದಲ ಸುತ್ತಿನಲ್ಲಿ ಮಾತೇ ಬೇಡ ಅಂತ ಸುಮ್ಮನಾಗಿರ್ತಾನೆ. ಬಾಗಿಲು ತೆರೆಯೋಕೆ ಬಿಳಿ ಕೋಟಿನ, ಸಮಾಧಾನದ ದನಿಯ ಆರ್ಕಿಟೆಕ್ಟ್ ಒಬ್ಬ ಬೇಕಾಯ್ತು. ಆ ಹುಡುಗನಿಗೆ ಇಂಗ್ಲಿಷೂ ಸರಿಯಾಗಿ ಬರಲ್ಲ ಅಂತ 10ನೆಯವನು ಹಂಗಿಸೋ ವಾಕ್ಯದಲ್ಲೇ ವ್ಯಾಕರಣ ತಪ್ಪು. ಅದನ್ನ ತಿದ್ದೋದು ಹೊರದೇಶದಿಂದ ಬಂದ 11ನೆಯವನು. ಆ ದೃಶ್ಯಕ್ಕೆ ಎಲ್ಲರೂ ನಗ್ತಾರೆ. ಕನ್ನಡ ಮೀಡಿಯಂನಲ್ಲಿ ಓದಿ ಬಂದ ನನ್ನಂಥವರಿಗೆ ನಗುವಿನ ಜೊತೆ ಇನ್ನೇನೋ ಆಗುತ್ತೆ.

ಬೆಂಗಳೂರಿನ ಮೀಟಿಂಗ್ ರೂಮುಗಳಲ್ಲಿ ನಾನು ಎಷ್ಟೋ ಸಲ ಕೇಳಿದ ತೀರ್ಪು ಇದು: "ಅವನಿಗೆ ಕನ್ವಿನ್ಸ್ ಮಾಡೋಕಾಗಲಿಲ್ಲ, ಸೋ ಪಾಯಿಂಟ್ ಇರಲಿಲ್ಲ." ಹಾವೇರಿಯಿಂದಲೋ ಕೊಪ್ಪದಿಂದಲೋ ಬಂದ ಹುಡುಗಿ ಡೇಟಾಬೇಸ್ ಲೋಡ್ ತಡೆಯಲ್ಲ ಅಂತ ಎರಡು ವಾಕ್ಯದಲ್ಲಿ ತಡವರಿಸ್ತಾ ಹೇಳ್ತಾಳೆ. ಎದುರಿನವನು ಹತ್ತು ನಿಮಿಷ ಸೊಗಸಾಗಿ ಮಾತಾಡ್ತಾನೆ. ಕೋಣೆ ಅವನ ಕಡೆ ವಾಲುತ್ತೆ. ಡೇಟಾಬೇಸಿಗೆ ಮಾತ್ರ ಈ ಮತದಾನದ ಸುದ್ದಿ ಮುಟ್ಟಿರಲ್ಲ.

ಸಿನಿಮಾ ಖಂಡಿತ ನೋಡಿ, ನೋಡಿದ್ದರೆ ಇನ್ನೊಮ್ಮೆ ನೋಡಿ. ಲ್ಯೂಮೆಟ್ ಕ್ಯಾಮೆರಾವನ್ನ ಹಂತಹಂತವಾಗಿ ಕೆಳಗಿಳಿಸ್ತಾ, ಲೆನ್ಸ್ ಬದಲಿಸ್ತಾ ಆ ಕೋಣೆಯನ್ನ ಇಕ್ಕಟ್ಟು ಮಾಡೋ ರೀತಿಗೆ ಸಾಟಿ ಇಲ್ಲ. ಆದರೆ ಈ ಸಲ ಓಟು ಎಣಿಸಬೇಡಿ. ಪ್ರತಿ ಓಟು ಬದಲಾದಾಗಲೂ 11ನೆಯವನು ಕೇಳಿದ ಪ್ರಶ್ನೆಯನ್ನೇ ಕೇಳಿ: ಯಾಕೆ? ಮುಂದಿನ ಮೀಟಿಂಗಿನಲ್ಲಿ ನಿಮ್ಮನ್ನ ಯಾರಾದರೂ ವಿರೋಧಿಸಿದರೆ, "ಒಪ್ತೀರಾ ಇಲ್ವಾ" ಅನ್ನೋ ಬದಲು "ನಿಮ್ಮ ಅಭಿಪ್ರಾಯ ಯಾವ ಕಂಬದ ಮೇಲೆ ನಿಂತಿದೆ" ಅಂತ ಕೇಳಿ ನೋಡಿ. ಕಂಬ ತೋರಿಸಿದರೆ ವಾದ ಮುಂದುವರಿಸಿ. ತೋರಿಸದೆ ಸುಮ್ಮನೆ ಒಪ್ಪಿಬಿಟ್ಟರೆ ಖುಷಿಪಡಬೇಡಿ, ಅವರ ಕ್ಯಾಬಿಗೆ ಟೈಮಾಗಿರಬಹುದು.